‘ಲಂಡನ್ ಪೊಲೀಸ್ ರ‍್ಯಾಟಲ್, 1860’ ಎಂದು ಮಾರುತ್ತಾರೆ, ಹುಷಾರು

ಬ್ರಿಟನ್‌ನ ಹಳೇ ಸಾಮಾನಿನ ಸಂತೆಯಲ್ಲೋ ಆನ್‌ಲೈನ್ ಹರಾಜಿನಲ್ಲೋ ಮರದ ರ‍್ಯಾಟಲ್ ಕೊಳ್ಳುವವರು ಹಣ ಕಟ್ಟುವ ಮುಂಚೆ ಇದನ್ನು ಓದಿ. ಹಿಡಿ ಹಿಡಿದು ಬೀಸಿ ತಿರುಗಿಸಿದರೆ ಮರದ ಪಟ್ಟಿ ಹಲ್ಲಿನ ಚಕ್ರಕ್ಕೆ ಬಡಿದು ಜೋರಾಗಿ ಕಟಕಟ ಸದ್ದು ಮಾಡುವ ಸಾಧನವಿದು; ಹಿಂದೆ ಪೊಲೀಸರು ನೆರವಿಗೆ ಕರೆಯಲು ಬಳಸುತ್ತಿದ್ದರು. ಮೇಲಿನ ವಿವರಣೆ ನಂಬಿ ಕೊಂಡ ರ‍್ಯಾಟಲ್ ಒಂದನ್ನು ಬಿಚ್ಚಿ ನೋಡಿದಾಗ ಒಳಗಿನ ಪಟ್ಟಿಯನ್ನು ಬಿಗಿದಿದ್ದದ್ದು ಪ್ಲಸ್ ಸ್ಕ್ರೂ. ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಲಂಡನ್ ಪೊಲೀಸರಾದರೋ 1880ರ ದಶಕದ ಮಧ್ಯದಲ್ಲೇ ರ‍್ಯಾಟಲ್ ಬಿಟ್ಟು ಸೀಟಿ ಹಿಡಿದಿದ್ದರು. ಯಾವಾಗಲೋ ರಿಪೇರಿ ಮಾಡಿದ್ದಾರು ಎನ್ನೋಣವೆಂದರೆ ಪಕ್ಕದಲ್ಲೆಲ್ಲೂ ಹಳೇ ತೂತಿನ ಗುರುತಿಲ್ಲ. ಹಿಡಿಗೂ ಚಕ್ರದ ಹಲ್ಲಿನ ತುದಿಗೂ ಒಂದೇ ಕಂದು ಬಣ್ಣ. ನಿಜವಾಗಿ ತಿರುಗಿಸಿ ಸವೆದದ್ದಾಗಿದ್ದರೆ ಹಲ್ಲಿನ ತುದಿಯ ಬಣ್ಣ ಹೋಗಿ ಮರ ನುಣುಪಾಗಿರಬೇಕಿತ್ತು. ಅದು ಫುಟ್‌ಬಾಲ್ ಮೈದಾನದಲ್ಲಿ ಗದ್ದಲ ಎಬ್ಬಿಸಲು ಒಯ್ಯುತ್ತಿದ್ದ ರ‍್ಯಾಟಲ್. ಬಣ್ಣ ಬಳಿದು ವಯಸ್ಸು ಏರಿಸಿದ್ದರು, ಅಷ್ಟೆ.

ಪೊಲೀಸರದ್ದು ಕೋಟಿನ ಜೇಬಿಗೆ ಇಳಿಯಬೇಕಿತ್ತು. ಹಾಗಾಗಿ ಗಾತ್ರ ಚಿಕ್ಕದು. ಕೆಲವಕ್ಕೆ ಮಡಚುವ ಹಿಡಿ, ಕೆಲವದರ ತುದಿಯಲ್ಲಿ ಭಾರಕ್ಕೆ ಸೀಸ. ಅಗಲವಾದ ಚೌಕಟ್ಟು, ಉದ್ದ ಹಿಡಿ, ಜೋಡಿ ಪಟ್ಟಿ ಇದ್ದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಷಾನಿಲದ ಎಚ್ಚರಿಕೆ ಕೊಡಲು ಇದ್ದ ಗ್ಯಾಸ್ ರ‍್ಯಾಟಲ್ ಇದ್ದೀತು, ಇಲ್ಲವೇ ಮೈದಾನದ್ದು. ಇವೆರಡನ್ನು ಬೇರ್ಪಡಿಸುವುದು ಕಷ್ಟ, ಏಕೆಂದರೆ ಯುದ್ಧ ಮುಗಿದ ಮೇಲೆ ಗ್ಯಾಸ್ ರ‍್ಯಾಟಲ್‌ಗಳೇ ಎಷ್ಟೋ ಮೈದಾನ ಸೇರಿದವು. ‘ಬಾಂಬ್ ದಾಳಿಯ ಎಚ್ಚರಿಕೆಗೆ ಬಳಸಿದ್ದು’ ಎಂದು ಮಾರುವವನು ಹೇಳಿದರೆ ಅವನಿಗೆ ವಿಷಯ ಗೊತ್ತಿಲ್ಲ. ವಿಮಾನ ದಾಳಿಗೆ ಸೈರನ್ ಇತ್ತು. ರ‍್ಯಾಟಲ್ ವಿಷಾನಿಲಕ್ಕೆ, ಅಪಾಯ ಕಳೆದಾಗ ಕೈಗಂಟೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಸೀಟಿ ಊದಲಾಗದು, ಅದಕ್ಕೇ ಕೈಯಲ್ಲಿ ತಿರುಗಿಸುವ ಸಾಧನ ಬೇಕಾಯಿತು.

‘ಎ.ಆರ್.ಪಿ. 1939’ (ಎ.ಆರ್.ಪಿ. ಎಂದರೆ ಏರ್ ರೇಡ್ ಪ್ರಿಕಾಷನ್ಸ್, ಬ್ರಿಟನ್‌ನ ವಿಮಾನ ದಾಳಿ ಮುನ್ನೆಚ್ಚರಿಕೆ ವ್ಯವಸ್ಥೆ) ಎಂಬ ಮುದ್ರೆ ನೋಡಿ ಮರುಳಾಗಬೇಡಿ. ಭೂತಗನ್ನಡಿ ಹಿಡಿದು ನೋಡಿ: ಹಳೇ ಮುದ್ರೆಯ ತಳದಲ್ಲಿ ಸುತ್ತಲಿನಷ್ಟೇ ಕೊಳೆ ಕೂತಿರುತ್ತದೆ, ಅಂಚು ಸವೆದಿರುತ್ತದೆ. ಹಳೇ ಗೀರಿನ ಮೇಲೆ ಅಕ್ಷರ ಚೂಪಾಗಿ ಹಾದುಹೋಗಿದ್ದರೆ ಮುದ್ರೆ ಬಿದ್ದದ್ದು ಗೀರು ಬಿದ್ದ ಮೇಲೆ.

ಇನ್ನು ಅಸಲಿಯೇ ಸಿಕ್ಕಿತೆನ್ನಿ. ಬಂದ ಕೂಡಲೇ ಬೀಸಿ ತಿರುಗಿಸಿದರೆ ಕೆಟ್ಟಿತು. ಒಣಗಿದ ಪಟ್ಟಿ ಮುರಿಯುವುದು ಹೆಚ್ಚಾಗಿ ಬುಡದಲ್ಲಿ, ಚೌಕಟ್ಟಿಗೆ ಬಿಗಿದ ಕಡೆ. ಚಕ್ರದ ಎಲ್ಲ ಹಲ್ಲಿಗೂ ಒಂದೇ ಬಲವಿರುವುದಿಲ್ಲ: ಒಂದೇ ಮರದ ತುಂಡಿನಿಂದ ಕಡೆದದ್ದರಿಂದ ಮರದ ಎಳೆಯ ಉದ್ದಕ್ಕೆ ಚಾಚಿದ ಹಲ್ಲು ಗಟ್ಟಿ, ಎಳೆಗೆ ಅಡ್ಡವಾಗಿ ನಿಂತದ್ದು ಸಣ್ಣ ಪೆಟ್ಟಿಗೂ ಎಗರುತ್ತದೆ. ಹಲ್ಲು ಗರಗಸದಂತೆ ಒಂದೇ ಕಡೆ ವಾಲಿದ್ದರೆ ಹಿಮ್ಮುಖ ತಿರುಗಿಸಲೇಬೇಡಿ. ಪಟ್ಟಿ ಹಲ್ಲಿಗೆ ಸಿಕ್ಕಿ ಸೀಳುತ್ತದೆ. ಬೆರಳಲ್ಲಿ ನಿಧಾನ ಒಂದು ಸುತ್ತು ತಿರುಗಿಸಿ, ಪ್ರತಿ ಹಲ್ಲಿಗೂ ಪಟ್ಟಿ ಎದ್ದು ಬೀಳುತ್ತದೆಯೇ ನೋಡಿ, ಅಷ್ಟು ಸಾಕು. ಅಗಸೆ ಎಣ್ಣೆ ಹಚ್ಚುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಸಂದಿಯಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಚಕ್ರ ತಿರುಗುವ ಅಚ್ಚು ಬಿಗಿಯಾಗಿದ್ದರೆ ಚೂರು ಮೇಣ ಉಜ್ಜಿ.

ಒಂದೆರಡು ಮಿಲಿಮೀಟರ್‌ನ ದುಂಡು ತೂತು ಕಂಡರೆ ಕರಿ ಕಾಗದದ ಮೇಲೆ ಒಂದು ವಾರ ಇಡಿ. ತಿಳಿ ಬಣ್ಣದ ಪುಡಿ ಉದುರಿದರೆ ಮರ ಕೊರೆಯುವ ಕುಟ್ಟೆ ಹುಳು ಇನ್ನೂ ಜೀವಂತ, ಮನೆಯ ಬೇರೆ ಮರಕ್ಕೂ ಹಬ್ಬೀತು. ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ಹೊರಗೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಮರದ ಮೇಲೆ ನೀರು ಕೂರುತ್ತದೆ.

ಖರೀದಿಗೆ ಮುಂಚೆ ನಾಲ್ಕು ಫೋಟೊ ಕೇಳಿ: ಸ್ಕ್ರೂ ತಲೆ, ಪಟ್ಟಿಯ ಬುಡ, ಹಲ್ಲುಗಳು, ಮುದ್ರೆ. ಕಳಿಸಲು ಸಬೂಬು ಹೇಳಿದರೆ ಬಿಟ್ಟುಬಿಡಿ. ಬಂದದ್ದು ನಕಲಿ ಎಂಬ ಅನುಮಾನವಿದ್ದರೆ ಸ್ಕ್ರೂಗೆ ಕೈ ಹಾಕುವ ಮುಂಚೆಯೇ ವಾಪಸ್ ಕೇಳಿ. ಮೇಲೆ ಹೇಳಿದ ರ‍್ಯಾಟಲ್‌ನ ಹಣ ಹಿಂದಿರುಗಲಿಲ್ಲ, ‘ನೀವು ಬಿಚ್ಚಿದ್ದೀರಿ’ ಎಂಬ ಒಂದೇ ಮಾತಿಗೆ.