‘ಬ್ಯಾಲೆನ್ಸ್ಡ್’ ಎಂಬ ಚೀಟಿ ನಂಬಿ ಮರಿಗೆ ಹಸಿ ಮಾಂಸ ಹಾಕಿದವರ ಅನುಭವ

ನಾಯಿಮರಿಗೆ ಪ್ಯಾಕೆಟ್ಟಿನ ಒಣ ಆಹಾರ ಬಿಡಿಸಿ ಹಸಿ ಮಾಂಸ ಹಾಕಬೇಕೆಂದು ಯೋಚಿಸುತ್ತಿರುವವರು, ಅದರಲ್ಲೂ ಮರಿಗೆ ಇನ್ನೂ ವರ್ಷ ತುಂಬಿಲ್ಲದವರು, ದಯವಿಟ್ಟು ಇದನ್ನು ಓದಿದ ಮೇಲೆ ಮಾಂಸದಂಗಡಿಗೆ ಹೋಗಿ. ನಮ್ಮ ಮನೆಯ ಮುಧೋಳ ಮರಿ, ನಾಲ್ಕೂವರೆ ತಿಂಗಳು ದಾಟಿದ್ದಾಗ, ಒಂದೂವರೆ ಅಡಿ ಎತ್ತರದ ದಿವಾನಿನಿಂದ ಕೆಳಗೆ ಹಾರಿ ಹಿಂಗಾಲಿನ ತೊಡೆಮೂಳೆ ಮುರಿದುಕೊಂಡಿತು. ಜಾರಿ ಬಿದ್ದದ್ದಲ್ಲ, ವಾಹನ ತಗುಲಿದ್ದೂ ಅಲ್ಲ. ದಿನಕ್ಕೆ ಹತ್ತು ಸಲ ಹಾರುತ್ತಿದ್ದ ಜಾಗದಿಂದಲೇ ಹಾರಿದ್ದು.

ನಾವಿರುವುದು ಮೈಸೂರಿನಲ್ಲಿ. ಮುಧೋಳದ ಹತ್ತಿರದ ಹಳ್ಳಿಯಿಂದ ಎರಡು ತಿಂಗಳ ಮರಿಯನ್ನು ತಂದಾಗ, ಅದನ್ನು ಸಾಕಿದ್ದ ರೈತರು ಜೋಳದ ನುಚ್ಚು, ಹಾಲು ಹಾಕುತ್ತಿದ್ದುದಾಗಿ ಹೇಳಿದ್ದರು. ಮನೆಗೆ ಬಂದ ಮೇಲೆ ಮರಿಗಳಿಗೆಂದೇ ಬರುವ ಒಣ ಆಹಾರ ಕೊಡತೊಡಗಿದೆವು. ಅರ್ಧ ತಿಂದು ಅರ್ಧ ಬಿಡುವುದು ಅದರ ಅಭ್ಯಾಸವಾಯಿತು. ಮುಧೋಳ ತಳಿಯೇ ಸಣಕಲು. ಪಕ್ಕೆಲುಬು ಕಾಣುವುದು ಅದಕ್ಕೆ ಸಹಜ ಎಂದು ಗೊತ್ತಿದ್ದರೂ, ಬಂದವರೆಲ್ಲ ‘ಮರಿಗೆ ಊಟ ಹಾಕುವುದಿಲ್ಲವೇ’ ಎಂದು ಕೇಳುವಾಗ ಮನಸ್ಸು ತಡೆಯಲಿಲ್ಲ. ಪರಿಚಯದವರೊಬ್ಬರ ಮೂಲಕ, ಮನೆಯಲ್ಲಿಯೇ ಹಸಿ ಮಾಂಸದ ಆಹಾರ ತಯಾರಿಸಿ ಮಾರುವವರೊಬ್ಬರನ್ನು ಸಂಪರ್ಕಿಸಿದೆವು. ಅರ್ಧ ಕೆಜಿಯ ಪೊಟ್ಟಣಗಳು ಮಂಜುಗಟ್ಟಿ ಬರುತ್ತಿದ್ದವು. ಮೇಲಿನ ಚೀಟಿಯಲ್ಲಿ ‘ಬ್ಯಾಲೆನ್ಸ್ಡ್’ ಎಂದು ದಪ್ಪಕ್ಷರದಲ್ಲಿಯೂ, ಅದರ ಕೆಳಗೆ ಕೋಳಿಮಾಂಸ, ಲಿವರ್, ಕ್ಯಾರೆಟ್, ಕುಂಬಳಕಾಯಿ ಎಂದೂ ಬರೆದಿತ್ತು. ಯಾವುದು ಎಷ್ಟಿದೆ ಎಂಬ ಒಂದು ಅಂಕಿಯೂ ಅದರಲ್ಲಿರಲಿಲ್ಲ, ನಾವೂ ಕೇಳಲಿಲ್ಲ.

ಆಹಾರವನ್ನು ಒಮ್ಮೆಲೇ ಬದಲಿಸಬಾರದು, ಏಳರಿಂದ ಹತ್ತು ದಿನ ಹಳೆಯದರಲ್ಲಿ ಹೊಸದನ್ನು ಬೆರೆಸುತ್ತ ಹೋಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ತಕ್ಕಡಿಯಲ್ಲಿ ತೂಗಿ, ಪುಸ್ತಕದಲ್ಲಿ ಬರೆದಿಟ್ಟು, ಚಾಚೂ ತಪ್ಪದೆ ಪಾಲಿಸಿದೆವು. ಒಂದು ದಿನವೂ ಭೇದಿಯಾಗಲಿಲ್ಲ. ಬಟ್ಟಲು ಹೊಳೆಯುವಂತೆ ನೆಕ್ಕುತ್ತಿತ್ತು, ಮೈಗೂದಲಿಗೆ ಮಿರುಗು ಬಂತು, ಮಲ ಕಡಿಮೆಯಾಗಿ ಗಟ್ಟಿಯಾಯಿತು. ಮೂರು ವಾರ ಕಳೆದ ಮೇಲೆ, ದುಡ್ಡು ಉಳಿಸಲು ಅದೇ ಚೀಟಿಯನ್ನು ನೋಡಿಕೊಂಡು ನಾವೇ ಬೋನ್‌ಲೆಸ್ ಕೋಳಿಯನ್ನೂ ಸ್ವಲ್ಪ ಲಿವರನ್ನೂ ತಂದು ಕೊಚ್ಚಿ ಹಾಕತೊಡಗಿದೆವು. ಮೂಳೆ ಗಂಟಲಿಗೆ ಸಿಕ್ಕೀತು ಎಂಬ ಹೆದರಿಕೆಯಿಂದ, ಮಾಂಸದಲ್ಲಿ ಉಳಿದ ಚೂರುಗಳನ್ನೂ ನಮ್ಮತ್ತೆ ಕನ್ನಡಕ ಹಾಕಿಕೊಂಡು ಹುಡುಕಿ ತೆಗೆಯುತ್ತಿದ್ದರು.

ಐದನೆಯ ವಾರದ ಹೊತ್ತಿಗೆ ಮರಿ ಮೆಟ್ಟಿಲು ಹತ್ತುವಾಗ ನಡುವೆ ಕುಳಿತುಬಿಡುತ್ತಿತ್ತು. ಮುಂಗಾಲಿನ ಪಾದಗಳು ನೆಲಕ್ಕೆ ಚಪ್ಪಟೆಯಾಗಿ ಹರಡಿಕೊಂಡವು. ಹಿತ್ತಿಲ ಗೋಡೆಯ ಸುಣ್ಣವನ್ನು ಹಲ್ಲಿನಿಂದ ಕೆರೆದು ನೆಕ್ಕುತ್ತಿತ್ತು. ಮೂತಿಯೆಲ್ಲ ಬೆಳ್ಳಗಾದ ಅದರ ಫೋಟೊ ತೆಗೆದು ನಕ್ಕಿದ್ದೆವು. ಆ ಫೋಟೊ ಈಗಲೂ ಫೋನಿನಲ್ಲಿದೆ. ಕುಂಟತೊಡಗಿದಾಗ ತೋರಿಸಿದ ಮೊದಲ ಕ್ಲಿನಿಕ್ಕಿನಲ್ಲಿ ಉಳುಕಿರಬೇಕೆಂದು ನೋವಿನ ಇಂಜೆಕ್ಷನ್ ಕೊಟ್ಟರು. ರಕ್ತಪರೀಕ್ಷೆಯನ್ನೂ ಮಾಡಿಸಿದೆವು, ಕ್ಯಾಲ್ಸಿಯಂ ಸರಿಯಾಗಿಯೇ ಇದೆ ಎಂದು ವರದಿ ಬಂದು ನಿಶ್ಚಿಂತರಾದೆವು. ಏನು ತಿನ್ನಿಸುತ್ತೀರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇದಾದ ಎಂಟನೆಯ ದಿನ ಅದು ದಿವಾನಿನಿಂದ ಹಾರಿದ್ದು.

ಎರಡನೆಯ ವೈದ್ಯರು ಎಕ್ಸ್-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಮೂಳೆ ಎಲ್ಲಿ ಮುಗಿದು ಮಾಂಸ ಎಲ್ಲಿ ಶುರುವಾಗುತ್ತದೆ ಎಂದು ನಮಗೆ ತಿಳಿಯಲೇ ಇಲ್ಲ. ಬೆಳ್ಳಗೆ ಕಾಣಬೇಕಾದ ಮೂಳೆಯ ಹೊರಪದರ ಪೆನ್ಸಿಲ್ಲಿನಲ್ಲಿ ಎಳೆದ ಗೆರೆಯಷ್ಟು ತೆಳ್ಳಗಿತ್ತು. ಹಸಿ ಕಡ್ಡಿಯನ್ನು ಬಗ್ಗಿಸಿದರೆ ಒಂದು ಮಗ್ಗುಲು ಸೀಳಿ ಇನ್ನೊಂದು ಮಗ್ಗುಲು ಅಂಟಿಕೊಂಡೇ ಇರುತ್ತದಲ್ಲ, ತೊಡೆಮೂಳೆ ಹಾಗೆ ಮಡಚಿಕೊಂಡಿತ್ತು. ಮಾಂಸ ಮಾತ್ರ ತಿಂದು ಬೆಳೆಯುವ ಮರಿಗಳಲ್ಲಿ ಬರುವ, ಪಶುವೈದ್ಯರಿಗೆ ಬಹಳ ಹಿಂದಿನಿಂದಲೂ ಗೊತ್ತಿರುವ ಕಾಯಿಲೆ ಇದು ಎಂದು ಅವರು ವಿವರಿಸಿದರು. ಹೃದಯ ಮತ್ತು ಸ್ನಾಯುಗಳ ಕೆಲಸ ನಡೆಯಲು ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕಾದ್ದರಿಂದ, ಆಹಾರದಲ್ಲಿ ಅದು ಸಿಗದಿದ್ದಾಗ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಸುರಿಸಿ, ಮೂಳೆಯಿಂದ ಕಿತ್ತು ರಕ್ತಕ್ಕೆ ತುಂಬುತ್ತವೆ. ರಕ್ತದ ವರದಿ ಸರಿಯಾಗಿದ್ದುದು ಮೂಳೆಯಲ್ಲಿದ್ದ ಕ್ಯಾಲ್ಸಿಯಂ ಕರಗುತ್ತಿದ್ದುದರಿಂದಲೇ.

ಲೆಕ್ಕವನ್ನು ಆಮೇಲೆ ನಾನೇ ಕುಳಿತು ಮಾಡಿದೆ. ಬೋನ್‌ಲೆಸ್ ಕೋಳಿಮಾಂಸದ 100 ಗ್ರಾಂನಲ್ಲಿ ರಂಜಕ (ಫಾಸ್ಫರಸ್) ಸುಮಾರು 200 ಮಿಲಿಗ್ರಾಂ ಇದ್ದರೆ, ಕ್ಯಾಲ್ಸಿಯಂ ಹತ್ತು ಹನ್ನೆರಡು ಮಿಲಿಗ್ರಾಂ ಮಾತ್ರ. ಬೆಳೆಯುವ ಮರಿಗೆ ರಂಜಕಕ್ಕಿಂತ ಕ್ಯಾಲ್ಸಿಯಂ ತುಸು ಹೆಚ್ಚೇ ಇರಬೇಕು. ಪ್ರತಿ 1,000 ಕಿಲೊಕ್ಯಾಲರಿ ಆಹಾರಕ್ಕೆ 3 ಗ್ರಾಂ ಕ್ಯಾಲ್ಸಿಯಂ ಬೇಕು. ದಿನಕ್ಕೆ 400 ಗ್ರಾಂ ಮಾಂಸ ಎಂದು ಹಿಡಿದರೆ, 1,400 ಮಿಲಿಗ್ರಾಂಗಿಂತ ಹೆಚ್ಚು ಸಿಗಬೇಕಾದಲ್ಲಿ ನಮ್ಮ ಮರಿಗೆ ಸಿಗುತ್ತಿದ್ದುದು ಐವತ್ತರೊಳಗೆ. ಹಸಿ ಮಾಂಸದ ಪರವಾಗಿರುವವರು ಹೇಳುವ 80:10:10ರ ಸೂತ್ರದಲ್ಲಿ ಎಂಬತ್ತು ಭಾಗ ಮಾಂಸದ್ದು, ಕೊನೆಯ ಹತ್ತು ಲಿವರ್‌ನಂತಹ ಒಳಾಂಗಗಳದು, ನಡುವಿನ ಹತ್ತು ಭಾಗ ಹಸಿ ಮೂಳೆಯದು. ನಮಗೆ ಮಾರಿದವರು, ಮೂಳೆಯ ಚೂರು ಸಿಗುತ್ತದೆಂದು ಗಿರಾಕಿಗಳು ದೂರಿದ್ದಕ್ಕೆ ಅದನ್ನು ಕೈಬಿಟ್ಟಿದ್ದರಂತೆ. ಚೀಟಿಯನ್ನು ಮಾತ್ರ ಬದಲಿಸಿರಲಿಲ್ಲ. ಆ ಸೂತ್ರವನ್ನು ಸರಿಯಾಗಿ ಪಾಲಿಸಿದರೂ ಸತು, ಮ್ಯಾಂಗನೀಸ್, ಅಯೋಡಿನ್, ಡಿ ಮತ್ತು ಇ ವಿಟಮಿನ್‌ಗಳು ಕಡಿಮೆ ಬೀಳುವ ಸಂಭವವಿದೆ. ಬಿಸಿಲಿಗೆ ಬಿಟ್ಟರೆ ಡಿ ವಿಟಮಿನ್ ಬರುತ್ತದೆ ಎಂಬುದು ಮನುಷ್ಯರ ಮಾತು. ನಾಯಿಯ ಚರ್ಮ ಅದನ್ನು ಸಾಕಷ್ಟು ತಯಾರಿಸಲಾರದು.

ಇನ್ನೊಂದು ತಪ್ಪು ತಿಳಿವಳಿಕೆಯೂ ನಮ್ಮಲ್ಲಿತ್ತು. ಫ್ರೀಜರ್‌ನಲ್ಲಿಟ್ಟರೆ ಕ್ರಿಮಿಗಳು ಸಾಯುತ್ತವೆ ಎಂದುಕೊಂಡಿದ್ದೆವು. ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳು ಅದರಲ್ಲಿ ಸಾಯುವುದಿಲ್ಲ. ನಾಯಿ ಆರೋಗ್ಯವಾಗಿಯೇ ಕಂಡರೂ ಅದರ ಮಲದ ಮೂಲಕ ಅವು ಮನೆಗೆ ಹರಡಬಹುದು. ಕುರಿಯ ಲಿವರ್, ಶ್ವಾಸಕೋಶಗಳನ್ನು ಹಸಿಯಾಗಿ ಹಾಕುವವರು ಇನ್ನೂ ಜಾಗ್ರತೆಯಿಂದಿರಬೇಕು. ಅವುಗಳಲ್ಲಿನ ನೀರುಗುಳ್ಳೆಗಳಿಂದ ನಾಯಿಗೆ ಲಾಡಿಹುಳು ಬಂದು, ಅದರ ಮೊಟ್ಟೆಗಳು ಮನುಷ್ಯರ ಹೊಟ್ಟೆ ಸೇರಿದರೆ ಲಿವರ್‌ನಲ್ಲಿ ಗುಳ್ಳೆ ಬೆಳೆಯುತ್ತದೆ.

ಚಿಕಿತ್ಸೆ ಎಂದರೆ ಬಹುಮಟ್ಟಿಗೆ ಆಹಾರ ಬದಲಿಸುವುದು ಮತ್ತು ಅಲುಗಾಡದಂತೆ ನೋಡಿಕೊಳ್ಳುವುದು. ಮರಿಗಳ ಒಣ ಆಹಾರಕ್ಕೇ ವಾಪಸಾದೆವು. ಓಡಲೆಂದೇ ಹುಟ್ಟಿದ ಪ್ರಾಣಿಯನ್ನು ಎಂಟು ವಾರ ಬೋನಿನಲ್ಲಿ ಕೂರಿಸಿ, ಅದು ಸರಳಿಗೆ ಮೂತಿಯಿಟ್ಟು ನೋಡುತ್ತಿದ್ದರೆ ನಾವು ಬೇರೆ ಕೋಣೆಗೆ ಹೋಗಿಬಿಡುತ್ತಿದ್ದೆವು. ಮೂಳೆ ಕೂಡಿತು, ಹೊಸ ಎಕ್ಸ್-ರೇಯಲ್ಲಿ ಬೆಳ್ಳಗೂ ಕಂಡಿತು. ಮುಂಗಾಲುಗಳ ಸೊಟ್ಟ ಮಾತ್ರ ಹಾಗೆಯೇ ಉಳಿದಿದೆ. ಬೆನ್ನುಮೂಳೆ ಕುಸಿದು ಹಿಂಭಾಗದ ಸ್ವಾಧೀನವೇ ತಪ್ಪುವ ಮರಿಗಳೂ ಇವೆಯಂತೆ. ಆ ಮಟ್ಟಿಗೆ ನಾವು ಬಚಾವಾದೆವು.

ಹಸಿ ಮಾಂಸವೇ ವಿಷವೆಂದು ನಾನು ಹೇಳುತ್ತಿಲ್ಲ. ಕೊಡಲೇಬೇಕೆಂದಿದ್ದರೆ ಪ್ರಾಣಿಗಳ ಆಹಾರ ಬಲ್ಲ ಪಶುವೈದ್ಯರಿಂದ, ಮರಿಯ ವಯಸ್ಸು ಮತ್ತು ತೂಕ ಹೇಳಿ, ಅಳತೆಯ ಪಟ್ಟಿ ಬರೆಸಿಕೊಳ್ಳಿ. ಮಾರುವವರನ್ನು ಕ್ಯಾಲ್ಸಿಯಂ ಎಷ್ಟು, ರಂಜಕ ಎಷ್ಟು, ಇದು ಬೆಳೆಯುವ ಮರಿಗೋ ದೊಡ್ಡ ನಾಯಿಗೋ ಎಂದು ಕೇಳಿ, ಅಂಕಿ ಕೊಡದಿದ್ದರೆ ಎದ್ದು ಬನ್ನಿ. ಈಗಾಗಲೇ ಮಾಂಸ ತಿನ್ನುತ್ತಿರುವ ಮರಿ ಕುಂಟುತ್ತಿದ್ದರೆ, ರಕ್ತದ ವರದಿಗೆ ಸಮಾಧಾನಪಟ್ಟುಕೊಳ್ಳದೆ ಎಕ್ಸ್-ರೇ ತೆಗೆಸಿ, ಏನು ಹಾಕುತ್ತಿದ್ದೀರೆಂದು ವೈದ್ಯರು ಕೇಳುವ ಮೊದಲೇ ಹೇಳಿ. ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಸಿರಪ್ ತಂದು ಅಂದಾಜಿನಲ್ಲಿ ಸುರಿಯಬೇಡಿ. ಎಳೆಯ ಮರಿಗಳ ಕರುಳು ಹೆಚ್ಚಾದ ಕ್ಯಾಲ್ಸಿಯಂ ರಕ್ತ ಸೇರುವುದನ್ನು ತಡೆಯಲಾರದು, ಅತಿಯಾದರೆ ಮೂಳೆಯ ಬೆಳವಣಿಗೆ ಬೇರೊಂದು ರೀತಿಯಲ್ಲಿ ಕೆಡುತ್ತದೆ. ಕಾಲು ನೀವುವುದೂ ಬೇಡ. ಆಸ್ಪತ್ರೆಗೆ ಒಯ್ಯುವಾಗ ಕಂಕುಳಲ್ಲಿ ಕೈಹಾಕಿ ಎತ್ತದೆ, ಹಲಗೆಯ ಮೇಲೋ ಅಗಲವಾದ ಬುಟ್ಟಿಯಲ್ಲೋ ಮಲಗಿಸಿಕೊಂಡು ಹೋಗಿ.