ಡೇಟಾಬೇಸ್ ವೇಗ ಮಾಡಿಕೊಡುತ್ತೇನೆ ಎಂದು ಬರುವವರಿಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಹಾಸನದ ಎಪಿಎಂಸಿಯಲ್ಲಿ ಬಿತ್ತನೆ ಆಲೂಗಡ್ಡೆ ಮಾರುವವನು ನಾನು. ಮೇ ತಿಂಗಳಲ್ಲಿ ನಮ್ಮ ಪಾಡು ಏನೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಜಲಂಧರದ ಲಾರಿ ಬಂದು ನಿಂತಿರುತ್ತದೆ, ಒಂದು ಹದ ಮಳೆ ಬಿತ್ತೆಂದರೆ ಮರುದಿನ ಬೆಳಗಾಗುವಷ್ಟರಲ್ಲಿ ರೈತರು ಟ್ರ್ಯಾಕ್ಟರ್ ಸಮೇತ ಅಂಗಡಿ ಮುಂದೆ. ಅಂಥ ಹೊತ್ತಿನಲ್ಲೇ ನಮ್ಮ ಬಿಲ್ಲಿಂಗ್ ಒಂದೊಂದು ಬಿಲ್ಲಿಗೂ ಅರ್ಧ ನಿಮಿಷ ತೆಗೆದುಕೊಳ್ಳತೊಡಗಿತು. ಅದರ ಹಿಂದೆ ಇರುವುದು ಮೈಎಸ್‌ಕ್ಯೂಎಲ್ 8.0 ಎಂಬ ಡೇಟಾಬೇಸ್. ವರ್ಷಗಳ ಲೆಕ್ಕವೆಲ್ಲ ಅದರ ಹೊಟ್ಟೆಯಲ್ಲಿದೆ.

ಪರಿಚಯದವರೊಬ್ಬರು ಒಬ್ಬನನ್ನು ಕಳಿಸಿದರು. ಹೆಸರು ಬೇಡ. "ಸಿಸ್ಟಂ ವೇರಿಯಬಲ್‌ಗಳನ್ನು, ಅಂದರೆ ಡೇಟಾಬೇಸಿನ ಸೆಟ್ಟಿಂಗ್‌ಗಳನ್ನು, ಸರಿ ಮಾಡಬೇಕು ಸರ್, 9,000 ಆಗುತ್ತದೆ, ಇಡೀ ದಿನದ ಕೆಲಸ" ಎಂದ. ಸೋಮವಾರ ಹತ್ತಕ್ಕೆ ಕುಳಿತವನು ನಾಲ್ಕಕ್ಕೆ ಎದ್ದ. ನಡುವೆ ಮೂರು ಸಲ ಚಹಾ, ಮಧ್ಯಾಹ್ನ ಮುದ್ದೆ ಊಟ, ಎಲ್ಲ ನಮ್ಮದೇ. ಸುಳ್ಳು ಹೇಳುವುದಿಲ್ಲ, ಬಿಲ್ಲು ಪಟಪಟನೆ ಬರತೊಡಗಿತು. ಖುಷಿಯಲ್ಲಿ ಪೂರ್ತಿ ದುಡ್ಡು ಕೊಟ್ಟುಬಿಟ್ಟೆ.

ಬುಧವಾರ ಸಂಜೆ ಗುಡುಗು, ಮಳೆ, ಕರೆಂಟ್ ಹೋಯಿತು. ಕೌಂಟರ್‌ಗಳು ಇನ್ವರ್ಟರ್ ಮೇಲಿವೆ, ನಡೆಯುತ್ತಿದ್ದವು. ಸರ್ವರ್‌ನ ಹಳೆಯ ಯುಪಿಎಸ್ ಮಾತ್ರ ಎರಡು ಸಲ ಕೂಗಿ ಸತ್ತಿತು. (ಅದರ ಬ್ಯಾಟರಿ ಬದಲಿಸದಿದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ.) ಗುರುವಾರ ಬೆಳಿಗ್ಗೆ ಮತ್ತೆ ಅದೇ ಅರ್ಧ ನಿಮಿಷ.

ಫೋನ್ ಮಾಡಿದೆ. "ಸರ್ವರ್ ಆಫ್ ಆಯಿತಾ? ಹಾಗಾದರೆ ಸೆಟ್ಟಿಂಗ್ ಹೋಗಿರುತ್ತದೆ ಸರ್. ಮತ್ತೆ ಬರಬೇಕು, 3,000." ಕರೆಂಟ್ ಹೋದರೆ ಸೆಟ್ಟಿಂಗ್ ಹೋಗುತ್ತದೆ ಎಂದು ಮೊದಲೇ ಏಕೆ ಹೇಳಲಿಲ್ಲ ಎಂದೆ. "ಕರೆಂಟ್ ಹೋಗುವುದಕ್ಕೆ ನಾನು ಹೊಣೆಯೇ ಸರ್? ಲೈನ್‌ಮನ್ ಕೇಳಿ." ಸೀಸನ್, ಬಾಗಿಲಲ್ಲಿ ಜನ. ಬಾ ಎಂದೆ. ಶುಕ್ರವಾರ ಬಂದ, ಮತ್ತೆ ಹತ್ತಕ್ಕೆ ಕುಳಿತು ಮೂರಕ್ಕೆ ಎದ್ದ, ಮತ್ತೆ ಊಟ ಮಾಡಿದ, 3,000 ತೆಗೆದುಕೊಂಡ.

ಅವನು ಹೋದ ಮೇಲೆ ದುದ್ದದ ಕಡೆಯ ರೈತರೊಬ್ಬರು ಬಂದರು. ಬುಧವಾರ ಇಪ್ಪತ್ತು ಮೂಟೆಗೆ ನಗದು ಕೊಟ್ಟು ಹನ್ನೆರಡು ಒಯ್ದಿದ್ದರಂತೆ, ಉಳಿದ ಎಂಟಕ್ಕೆ ಬಂದಿದ್ದರು. ಕೈಯಲ್ಲಿ ನಮ್ಮದೇ ಬಿಲ್ಲು. ಕಂಪ್ಯೂಟರಿನಲ್ಲಿ ಆ ಸಂಖ್ಯೆ ಹಾಕಿದರೆ ಗುರುವಾರದ ಬೇರೆ ಯಾರದೋ ಹೆಸರು ಬರುತ್ತದೆ! ನಾನು ಹತ್ತು ಜನರ ಎದುರು ಕೇಳಿದೆ: "ಇದು ಯಾರ ಬಿಲ್ಲು ತಂದಿದ್ದೀರಿ?" ಅವರು ಒಂದು ಕ್ಷಣ ಸುಮ್ಮನಿದ್ದು, "ನಾನು ಅಂಥವನಲ್ಲ ಯಜಮಾನರೇ" ಎಂದರು. ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಇಂಜಿನಿಯರಿಂಗ್ ಓದುವ ತಂಗಿಯ ಮಗಳನ್ನು ಶನಿವಾರ ಕರೆಸಿದೆ. ಡೇಟಾಬೇಸ್ ತನ್ನ ಬಗ್ಗೆ ತಾನೇ ಬರೆದಿಡುವ ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿ ಅವಳು ವೇರಿಯಬಲ್ಸ್ ಇನ್ಫೋ ಎಂಬ ಕೋಷ್ಟಕ ತೆರೆದಳು. ಯಾವ ವೇರಿಯಬಲ್ ಎಲ್ಲಿಂದ ಬಂತು, ಯಾರು ಬದಲಿಸಿದರು, ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿರುತ್ತದೆ. ಬದಲಾಗಿದ್ದದ್ದು ಮೂರೇ ಮೂರು. ಮೊದಲನೆಯದು ಶುಕ್ರವಾರ 11 ಗಂಟೆ 2 ನಿಮಿಷಕ್ಕೆ. ಕೊನೆಯದು 11 ಗಂಟೆ 4 ನಿಮಿಷಕ್ಕೆ. ಎರಡು ನಿಮಿಷ! ಉಳಿದ ಹೊತ್ತೆಲ್ಲ ಅವನು ಕಪ್ಪು ಪರದೆ ತೆರೆದಿಟ್ಟುಕೊಂಡು ನನ್ನ ಮುದ್ದೆ ತಿನ್ನುತ್ತಿದ್ದ.

ಬಫರ್ ಪೂಲ್ ಸೈಜ್ (ಡೇಟಾಬೇಸ್ ಲೆಕ್ಕವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ತಾನಾಗಿ 128 ಎಂಬಿ ಇರುತ್ತದೆ. ನಮ್ಮ 16 ಜಿಬಿ ಯಂತ್ರದಲ್ಲಿ ಅದನ್ನು 8 ಜಿಬಿಗೆ ಏರಿಸಿದ್ದ. ಅದು ಸರಿಯೇ, ವೇಗ ಬಂದದ್ದು ಮುಖ್ಯವಾಗಿ ಅದರಿಂದಲೇ ಎಂದಳು. ಮ್ಯಾಕ್ಸ್ ಕನೆಕ್ಷನ್ಸ್, ಅಂದರೆ ಒಮ್ಮೆಗೆ ಎಷ್ಟು ಸಂಪರ್ಕ ಎಂಬುದು, 151 ಇದ್ದದ್ದು 2,000. ನಾಲ್ಕು ಕಂಪ್ಯೂಟರಿನ ಅಂಗಡಿಗೆ! ಮೂರನೆಯದೇ ನನ್ನ ಮಾನ ಕಳೆದದ್ದು: ಇನ್ನೋಡಿಬಿ ಫ್ಲಶ್ ಲಾಗ್ ಅಟ್ ಟಿಆರ್‌ಎಕ್ಸ್ ಕಮಿಟ್. 1 ಎಂದಿದ್ದರೆ ಪ್ರತಿ ಬಿಲ್ಲೂ ಕಮಿಟ್, ಅಂದರೆ ಪಕ್ಕಾ, ಆಗುವಾಗಲೇ ಅದರ ಲಾಗ್ (ಬದಲಾವಣೆಯ ದಾಖಲೆ) ಡಿಸ್ಕಿಗೆ ಹೋಗುತ್ತದೆ. ಇವನು 0 ಮಾಡಿದ್ದ. ಆಗ ಸುಮಾರು ಸೆಕೆಂಡಿಗೊಮ್ಮೆ ಬರೆಯುತ್ತದೆ, ನಡುವೆ ಸರ್ವರ್ ಸತ್ತರೆ ಆ ಸೆಕೆಂಡಿನ ಬಿಲ್ಲು ಮಾಯ. ಮುದ್ರಣವಾಗಿ ರೈತರ ಕೈ ಸೇರಿದ್ದ ಬಿಲ್ಲು ಸರ್ವರಿನಲ್ಲಿ ಉಳಿಯಲಿಲ್ಲ. ಮರುದಿನ ಅದೇ ಸಂಖ್ಯೆ ಇನ್ನೊಬ್ಬರಿಗೆ ಹೋಯಿತು.

ಎಲ್ಲವನ್ನೂ ಸೆಟ್ ಗ್ಲೋಬಲ್ ಎಂಬ ಆದೇಶದಲ್ಲಿ ಕೊಟ್ಟಿದ್ದ. ಅದು ಸರ್ವರ್ ಓಡುತ್ತಿರುವಷ್ಟು ಹೊತ್ತು ಮಾತ್ರ. ಸೆಟ್ ಪರ್ಸಿಸ್ಟ್ ಎಂದು ಕೊಟ್ಟಿದ್ದರೆ ಡೇಟಾ ಫೋಲ್ಡರಿನ ಒಂದು ಕಡತದಲ್ಲಿ ಉಳಿಯುತ್ತಿತ್ತು. ಒಂದು ಪದದ ವ್ಯತ್ಯಾಸ.

ಮತ್ತೆ ಫೋನ್ ಮಾಡಿದೆ. "ಪರ್ಮನೆಂಟ್ ಮಾಡುವುದು ಬೇರೆ ಪ್ಯಾಕೇಜ್ ಸರ್, ನೀವು ಕೇಳಲಿಲ್ಲ." ಬಿಲ್ಲು ಹೋಯಿತಲ್ಲ ಎಂದೆ. "ಒಂದು ಸೆಕೆಂಡಿನದು ತಾನೇ ಸರ್?" ಒಂದು ಸೆಕೆಂಡಿನದು ತಾನೇ! ಇಪ್ಪತ್ತು ಮೂಟೆ ಬೀಜದ ದುಡ್ಡು ಅದು. ದುಡ್ಡು ವಾಪಸ್ ಕೊಡು ಎಂದದ್ದಕ್ಕೆ ಸಂದೇಶ ಬಂತು: "ಕೆಲಸ ಮಾಡಿದ್ದೇನೆ, ಸ್ಪೀಡ್ ನೀವೇ ನೋಡಿದ್ದೀರಿ." ಆಮೇಲೆ ಫೋನ್ ಎತ್ತಲಿಲ್ಲ.

ರೈತರ ಮನೆಗೇ ಎಂಟು ಮೂಟೆ ಕಳಿಸಿ ಕ್ಷಮೆ ಕೇಳಿದೆ. ಪರವಾಗಿಲ್ಲ ಎಂದರು. ಆದರೆ ಆಮೇಲೆ ಬೇಕಾದ ಹತ್ತು ಮೂಟೆಯನ್ನು ಎದುರಿನ ಅಂಗಡಿಯಲ್ಲಿ ತೆಗೆದುಕೊಂಡರು.

ಇಷ್ಟು ಮಾಡಿ: ಏನೇನು ಬದಲಿಸಿದ, ಮೊದಲು ಎಷ್ಟಿತ್ತು, ಈಗ ಎಷ್ಟು, ಎಲ್ಲವನ್ನೂ ಬರೆಸಿಕೊಳ್ಳಿ. ಆ ಫ್ಲಶ್ ಲಾಗ್ 1 ಇದ್ದರೆ ಮುಟ್ಟಲು ಬಿಡಬೇಡಿ. ನಿಮ್ಮದು ಮೈಎಸ್‌ಕ್ಯೂಎಲ್ 5.7 ಅಥವಾ ಅದರಂಥದೇ ಮರಿಯಾಡಿಬಿ ಆಗಿದ್ದರೆ ಸೆಟ್ ಪರ್ಸಿಸ್ಟ್ ಇಲ್ಲ, ಮೈ ಡಾಟ್ ಐಎನ್‌ಐ ಎಂಬ ಸೆಟ್ಟಿಂಗ್ ಕಡತದಲ್ಲೇ ಬರೆಸಿ. ಕೆಲಸ ಮುಗಿಯಿತು ಎಂದ ಕೂಡಲೇ ಅವನೆದುರೇ ಸರ್ವರ್ ರೀಸ್ಟಾರ್ಟ್ ಮಾಡಿಸಿ. ಆಮೇಲೂ ಅಷ್ಟೇ ವೇಗವಾಗಿ ಓಡಿದರೆ ದುಡ್ಡು ಕೊಡಿ. ಊಟವನ್ನೂ ಆಮೇಲೆಯೇ ಹಾಕಿ.