ಕೀ ತೆಗೆದರೂ ನಿಲ್ಲದ ಇಂಜಿನ್: ಹಳೆಯ ಲಾರಿಯ ಸ್ಟಾಪ್ ಸೊಲೆನಾಯ್ಡ್, ಕೆಲವು ವರ್ಷಗಳ ಬಳಕೆಯ ನಂತರ

ಕೋಲಾರದ ಎಪಿಎಂಸಿ ಮಾರುಕಟ್ಟೆಯಿಂದ ಮುಳಬಾಗಿಲು ದಾಟಿ ಚೆನ್ನೈ ಕಡೆಗೆ ಟೊಮೆಟೊ ಸಾಗಿಸುವ ನನ್ನ ಹಳೆಯ ಲಾರಿಯ ಡೀಸೆಲ್ ಪಂಪಿಗೆ ಹೊಸ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ತಡೆದು ಇಂಜಿನ್ ನಿಲ್ಲಿಸುವ, ಕರೆಂಟಿನಿಂದ ನಡೆಯುವ ಕವಾಟ) ಹಾಕಿಸಿ ಕೆಲವು ವರ್ಷಗಳಾಗಿವೆ. ಈ ಬಿಡಿಭಾಗದ ಬಗ್ಗೆ ಲಾರಿ ಮಾಲೀಕರಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು, ಹೊಸದನ್ನು ಹಾಕಿಸಿದರೂ ಇಂಜಿನ್ ಆಫ್ ಆಗುವುದಿಲ್ಲ ಎಂಬುದು. ಬೇಸಿಗೆಯ ಧೂಳು, ಮಳೆಗಾಲ, ಸುಗ್ಗಿಯ ದಟ್ಟಣೆ ಎಲ್ಲದರಲ್ಲೂ ಬಳಸಿ ನೋಡಿದ ಮೇಲೆ ನಾನು ಹೇಳಬಹುದಾದದ್ದು ಇಷ್ಟು: ವಸ್ತು ಒಳ್ಳೆಯದು, ಅದು ಮಾಡದ ತಪ್ಪಿಗೂ ಅದನ್ನೇ ಹೊಣೆ ಮಾಡಲಾಗುತ್ತಿದೆ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುವುದರಿಂದ, ಒಮ್ಮೆ ಓಡತೊಡಗಿದ ಇಂಜಿನ್ ನಿಲ್ಲಬೇಕಾದರೆ ಡೀಸೆಲನ್ನೇ ತಡೆಯಬೇಕು. ಹಳೆಯ ಇನ್‌ಲೈನ್ ಪಂಪುಗಳಲ್ಲಿ ಚಾಲಕ ಎಳೆಯುವ ಸ್ಟಾಪ್ ಕೇಬಲ್ ಆ ಕೆಲಸ ಮಾಡುತ್ತದೆ. ನನ್ನ ಲಾರಿಯಲ್ಲಿರುವುದು ರೋಟರಿ ಪಂಪ್. ಇದರಲ್ಲಿ ಕೀ ಆನ್ ಇರುವಷ್ಟು ಹೊತ್ತು 12 ವೋಲ್ಟ್ ಕರೆಂಟ್ ಸೊಲೆನಾಯ್ಡಿನ ಪ್ಲಂಜರನ್ನು, ಅಂದರೆ ಒಳಗೆ ಜಾರುವ ಪುಟ್ಟ ಲೋಹದ ಕಡ್ಡಿಯನ್ನು, ಎಳೆದು ಹಿಡಿದಿರುತ್ತದೆ. ಕರೆಂಟ್ ಹೋದೊಡನೆ ಸ್ಪ್ರಿಂಗ್ ಆ ಪ್ಲಂಜರನ್ನು ತಳ್ಳಿ ಡೀಸೆಲಿನ ದಾರಿಯನ್ನು ಮುಚ್ಚುತ್ತದೆ. ಆದ್ದರಿಂದ ಇಂಜಿನ್ ನಿಲ್ಲದಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ, ಕರೆಂಟ್ ನಿಜವಾಗಿಯೂ ಹೋಗಿದೆಯೇ ಎಂಬುದು.

ಅದನ್ನು ತಿಳಿಯಲು, ಕರೆಂಟ್ ಇದ್ದರೆ ಹತ್ತುವ ಒಂದು ಟೆಸ್ಟ್ ಲ್ಯಾಂಪ್ ಸಾಕು. ಕೀ ಆಫ್ ಮಾಡಿದ ಮೇಲೂ ಇಂಜಿನ್ ಓಡುತ್ತಿರುವಾಗ ಲ್ಯಾಂಪಿನ ಒಂದು ತುದಿಯನ್ನು ಲಾರಿಯ ಲೋಹದ ಮೈಗೆ, ಇನ್ನೊಂದನ್ನು ಸೊಲೆನಾಯ್ಡಿನ ಟರ್ಮಿನಲ್ಲಿಗೆ ಹಿಡಿಯಬೇಕು. ಮೊದಲ ಸಲ ತೊಂದರೆ ಬಂದಾಗ ನನ್ನ ಲಾರಿಯಲ್ಲಿ ಲ್ಯಾಂಪ್ ಹತ್ತಲಿಲ್ಲ. ಕರೆಂಟ್ ಹೋಗಿದ್ದರೂ ಇಂಜಿನ್ ಕುಂಟುತ್ತಾ ಓಡುತ್ತಿತ್ತು ಎಂದರೆ ದೋಷ ಸೊಲೆನಾಯ್ಡಿನಲ್ಲೇ ಇತ್ತು. ಪಂಪ್ ಮೆಕ್ಯಾನಿಕ್ ಅದನ್ನು ಬಿಚ್ಚಿದಾಗ ಪ್ಲಂಜರಿನ ತುದಿಯ ರಬ್ಬರ್ ಸವೆದಿತ್ತು, ಮೈಮೇಲೆ ತುಕ್ಕಿನ ಗೆರೆಗಳಿದ್ದವು. ಸವೆದ ರಬ್ಬರಿನ ಸಂದಿಯಿಂದ ನುಸುಳುವ ಅಲ್ಪ ಡೀಸೆಲ್ ಕೂಡ ಲೋಡ್ ಇಲ್ಲದ ಇಂಜಿನ್ನನ್ನು ಓಡಿಸಬಲ್ಲದು. ತುಕ್ಕು ಹಿಡಿಸಿದ್ದು ಡೀಸೆಲಿನೊಳಗಿನ ನೀರು. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಆಗಾಗ ನೀರು ಬಿಡುವ ಅಭ್ಯಾಸವಿಲ್ಲದ ಲಾರಿಯಲ್ಲಿ ಎಷ್ಟೇ ಬೆಲೆಯ ಸೊಲೆನಾಯ್ಡ್ ಹಾಕಿದರೂ ಬಹಳ ಕಾಲ ಬಾಳುವುದಿಲ್ಲ.

ಹೊಸದನ್ನು ಹಾಕಿದ ಮೇಲೆ ಕೀ ತಿರುಗಿಸಿದೊಡನೆ ಇಂಜಿನ್ ನಿಲ್ಲತೊಡಗಿತು. ಬಹಳ ಕಾಲ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಅದೇ ಲಕ್ಷಣ ಮತ್ತೆ ಕಾಣಿಸಿಕೊಂಡಿತು: ಕೀ ಕೈಗೆ ಬಂದರೂ ಇಂಜಿನ್ ಓಡುತ್ತಲೇ ಇತ್ತು. ಒಂದು ಗ್ಯಾರೇಜಿನಲ್ಲಿ ಪರೀಕ್ಷೆಯನ್ನೇ ಮಾಡದೆ, ಇನ್ನೊಂದು ಸೊಲೆನಾಯ್ಡ್ ತನ್ನಿ ಎಂದರು. ಈ ಸಲ ಟೆಸ್ಟ್ ಲ್ಯಾಂಪ್ ಹತ್ತಿತು. ಸೊಲೆನಾಯ್ಡಿನ ವೈರ್ ಕಿತ್ತೊಡನೆ ಇಂಜಿನ್ ನಿಂತಿತು. ಪ್ಲಂಜರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಅದಕ್ಕೆ ಬಿಡುಗಡೆ ಸಿಗುತ್ತಿರಲಿಲ್ಲ ಅಷ್ಟೇ.

ಹಾಗಾದರೆ ಕೀ ಆಫ್ ಆದ ಮೇಲೆ ಕರೆಂಟ್ ಎಲ್ಲಿಂದ ಬರುತ್ತಿತ್ತು? ಕೀ ಸ್ವಿಚ್ಚಿನ ಒಳಗಿನ ಪಾಯಿಂಟುಗಳು ಅಂಟಿಕೊಂಡಿರಬಹುದು. ಅದು ಸರಿಯಿದ್ದರೆ ನೋಡಬೇಕಾದದ್ದು ಆಲ್ಟರ್ನೇಟರನ್ನು. ಇಂಜಿನ್ ತಿರುಗುವವರೆಗೂ ಅದು ಕರೆಂಟ್ ಹುಟ್ಟಿಸುತ್ತಲೇ ಇರುತ್ತದೆ. ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಲೈಟಿನ ವೈರ್ ಮೂಲಕ ಆ ಕರೆಂಟ್ ಹಿಮ್ಮುಖವಾಗಿ ಹರಿದು ಸೊಲೆನಾಯ್ಡನ್ನು ತಲುಪಬಹುದು. ಪ್ಲಂಜರನ್ನು ಮೊದಲು ಎಳೆಯಲು ಬೇಕಾದಷ್ಟು ಕರೆಂಟ್ ಅದನ್ನು ಹಿಡಿದಿಡಲು ಬೇಕಾಗುವುದಿಲ್ಲವಾದ್ದರಿಂದ ಬಲ್ಬಿನ ಮೂಲಕ ಬರುವ ಸಣ್ಣ ಕರೆಂಟೂ ಕೆಲವೊಮ್ಮೆ ಸಾಕಾಗುತ್ತದೆ, ಬಲ್ಬ್ ತೆಗೆದು ನೇರ ವೈರ್ ಜೋಡಿಸಿರುವ ಲಾರಿಗಳಲ್ಲಂತೂ ಹೇಳಬೇಕಾಗಿಯೇ ಇಲ್ಲ. ನನ್ನ ಲಾರಿಯಲ್ಲಿ ಇದ್ದದ್ದು ಅಂಥದೇ ನೇರ ಜೋಡಣೆ. ಎಲೆಕ್ಟ್ರಿಷಿಯನ್ ಬಲ್ಬನ್ನು ಮತ್ತೆ ಹಾಕಿ, ಆ ವೈರಿನಲ್ಲಿ ಪಟ್ಟಿಯಿರುವ ತುದಿ ಆಲ್ಟರ್ನೇಟರ್ ಕಡೆಗೆ ಬರುವಂತೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದನ್ನು ಸೇರಿಸಿದರು. ಅಲ್ಲಿಗೆ ತೊಂದರೆ ಮುಗಿಯಿತು. ಸೊಲೆನಾಯ್ಡ್ ಇಂದಿಗೂ ಅದೇ ಇದೆ.

ಇಂಜಿನ್ ನಿಲ್ಲದಿದ್ದಾಗ ಬ್ಯಾಟರಿಯ ಟರ್ಮಿನಲ್ ಕೀಳುವುದನ್ನು ಮಾರುಕಟ್ಟೆಯ ಅಂಗಳದಲ್ಲಿ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ: ಆಲ್ಟರ್ನೇಟರ್ ತಿರುಗುತ್ತಿರುವಾಗ ಬ್ಯಾಟರಿ ತಪ್ಪಿಸಿದರೆ ವೋಲ್ಟೇಜ್ ಏರಿ ಅದರ ಡಯೋಡುಗಳು ಸುಟ್ಟುಹೋಗಬಹುದು.

ಇದಕ್ಕಿಂತ ಗಂಭೀರವಾದ ಇನ್ನೊಂದು ಸ್ಥಿತಿಯಿದೆ. ಕೀ ಆಫ್ ಮಾಡಿದ ಮೇಲೆ ಇಂಜಿನ್ನಿನ ವೇಗ ತಾನಾಗಿಯೇ ಏರುತ್ತಾ, ನೀಲಿ ಅಥವಾ ಬಿಳಿ ಹೊಗೆ ದಟ್ಟವಾಗಿ ಬರತೊಡಗಿದರೆ, ಅದು ಟರ್ಬೊದ (ಇಂಜಿನ್ನಿಗೆ ಗಾಳಿ ತುಂಬುವ ಭಾಗದ) ಸೀಲಿನಿಂದಲೋ ಬ್ರೀದರ್ ಪೈಪಿನಿಂದಲೋ (ಇಂಜಿನ್ನಿನೊಳಗಿನ ಆವಿ ಹೊರಬಿಡುವ ಪೈಪಿನಿಂದಲೋ) ಒಳಸೇರುವ ಇಂಜಿನ್ ಆಯಿಲನ್ನೇ ಉರಿಸುತ್ತಿದೆ ಎಂದರ್ಥ. ಅಲ್ಲಿ ಸೊಲೆನಾಯ್ಡಿನಿಂದ ಏನೂ ಆಗದು. ಚಾಲಕ ಸೀಟಿನಲ್ಲಿಯೇ ಇದ್ದು, ಮುಂದೆ ಜನರಿಲ್ಲದಿದ್ದರೆ, ಬ್ರೇಕನ್ನು ಬಲವಾಗಿ ಒತ್ತಿ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಇಂಜಿನ್ ನಿಲ್ಲಿಸಬೇಕು. ಗಾಳಿ ಎಳೆಯುವ ಬಾಯಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಿದರೂ ನಿಲ್ಲುತ್ತದೆ. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಎಂದಿಗೂ ಅಡ್ಡ ಇಡಬಾರದು.

ಖರೀದಿಯ ಬಗ್ಗೆ ಹೇಳುವುದಾದರೆ, ಪಂಪ್ ತಯಾರಿಸಿದ ಕಂಪನಿಯ ಬಿಡಿಭಾಗ ದುಬಾರಿಯಾದರೂ ಅದನ್ನೇ ಕೊಳ್ಳಿ, ಏಕೆಂದರೆ ಇಡೀ ಕೆಲಸ ನಿಂತಿರುವುದು ಆ ಪುಟ್ಟ ರಬ್ಬರ್ ತುದಿಯ ಗುಣಮಟ್ಟದ ಮೇಲೆ. 12 ವೋಲ್ಟಿನದೋ 24 ವೋಲ್ಟಿನದೋ ಎಂದು ನೋಡಿ, ಹಳೆಯದನ್ನು ಪಕ್ಕದಲ್ಲಿಟ್ಟು ಥ್ರೆಡ್ ಹೋಲಿಸಿಯೇ ಹಣ ಕೊಡಿ. ಕರೆಂಟ್ ಕೊಟ್ಟರೆ ಇಂಜಿನ್ ನಿಲ್ಲುವ ಬಗೆಯ ಸೊಲೆನಾಯ್ಡುಗಳೂ ಇವೆ. ಅಂಥ ಲಾರಿಯಲ್ಲಿ ವೈರ್ ತುಂಡಾದರೇ ಇಂಜಿನ್ ನಿಲ್ಲದು, ಟೆಸ್ಟ್ ಲ್ಯಾಂಪಿನ ಉತ್ತರವನ್ನೂ ತಿರುಗಿಸಿ ಓದಬೇಕು. ನನ್ನ ಪಂಪಿನಲ್ಲಿ ಕೈಯಿಂದ ಎಳೆಯುವ ಸ್ಟಾಪ್ ಲಿವರ್ ಕೂಡ ಇದ್ದುದರಿಂದ ಅದಕ್ಕೊಂದು ಕೇಬಲ್ ಜೋಡಿಸಿ ಕ್ಯಾಬಿನ್ನಿಗೆ ತಂದಿದ್ದೇನೆ. ಲಾರಿಗಳು ಒತ್ತೊತ್ತಾಗಿ ನಿಂತು 15 ಕೆಜಿ ಕ್ರೇಟುಗಳು ಏರುವ ಜಾಗದಲ್ಲಿ ಇಂಜಿನ್ ನಿಲ್ಲಿಸಲು ಎರಡನೆಯ ದಾರಿ ಇರಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ. ಕೇಬಲ್ ಎಳೆದಾಗ ಲಿವರ್ ಕೊನೆಯವರೆಗೂ ಹೋಗಿ, ಬಿಟ್ಟಾಗ ಪೂರ್ತಿ ಹಿಂದಿರುಗುತ್ತದೆಯೇ ಎಂದು ಪ್ರತಿ ಸರ್ವೀಸಿನಲ್ಲಿ ನೋಡಿಸುತ್ತೇನೆ.